ಸಿಎನ್‌ಸಿ ಪ್ರೋಗ್ರಾಂ ಓದುವುದು, ಬರೆಯುವುದು: ಬೆಳಗಾವಿಯ ಶಾಪ್‌ಗಳಲ್ಲಿ ದುಡಿಯುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಬೆಳಗಾವಿಯ ಉದ್ಯಮಬಾಗದಲ್ಲಿ ಯಾವ ರಸ್ತೆಗೆ ಹೋದರೂ ಎಲ್ಲೋ ಒಂದು ಸಿಎನ್‌ಸಿ (ಕಂಪ್ಯೂಟರ್ ಅಂಕಿಗಳಿಂದ ನಡೆಸುವ) ಲೇತ್ ಓಡುವ ಸದ್ದು ಕೇಳಿಸುತ್ತದೆ. ಫೌಂಡ್ರಿಯಿಂದ ಬಂದ ಕಾಸ್ಟಿಂಗ್, ಹೈಡ್ರಾಲಿಕ್ ಪಂಪಿನ ಬಾಡಿ, ವಾಲ್ವ್, ಶಾಫ್ಟ್, ಬುಶ್ ಎಲ್ಲವೂ ಅಲ್ಲೇ ಸೈಜಿಗೆ ಬರುತ್ತವೆ. ಮಚ್ಛೆ, ನಾವಗೆ, ಹೊನಗಾ ಕಡೆಯೂ ಇದೇ ಕೆಲಸ. ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಂತೂ ವಿಮಾನದ ಭಾಗಗಳನ್ನೇ ಮಾಡುತ್ತಾರೆ. ಐಟಿಐ, ಡಿಪ್ಲೊಮಾ ಮುಗಿಸಿ ಈ ಮಷೀನ್‌ಗಳ ಮುಂದೆ ನಿಲ್ಲುವ ಹುಡುಗರು, ಹುಡುಗಿಯರು ಜಾಬ್ (ಕತ್ತರಿಸಬೇಕಾದ ತುಂಡು) ಕಟ್ಟುತ್ತಾರೆ, ಬಾಗಿಲು ಹಾಕುತ್ತಾರೆ, ಹಸಿರು ಬಟನ್ ಒತ್ತುತ್ತಾರೆ. ಸ್ಕ್ರೀನ್ ಮೇಲೆ ಓಡುವ ಸಾಲುಗಳನ್ನು ಮಾತ್ರ ಅವರಿಗೆ ಪಕ್ಕದಲ್ಲಿ ಕೂತು ಕಲಿಸುವವರು ಕಡಿಮೆ. ಎಲ್ಲರಿಗೂ ಪ್ರೊಡಕ್ಷನ್ ಅವಸರ. ಆದರೆ ಆಪರೇಟರ್ ಆದವರು ಸೆಟ್ಟರ್ (ಮಷೀನ್ ಸಿದ್ಧಮಾಡಿ ಕೊಡುವವರು) ಆಗುವ ದಾರಿ ಆ ಸಾಲುಗಳಲ್ಲೇ ಇದೆ.

ದಿನದ ಕೆಲಸಕ್ಕೆ ಬೇಕಾಗುವ ಕೋಡ್‌ಗಳು ಜಾಸ್ತಿ ಇಲ್ಲ. ಒಂದು ವಾರ ಕೂತರೆ ಬಾಯಿಪಾಠ ಆಗುತ್ತವೆ. ಮಷೀನ್ ಬಡಿಯುವುದು (ಟೂಲ್ ಹೋಗಿ ಜಾಬಿಗೋ ಚಕ್ಕಿಗೋ ಡಿಕ್ಕಿ ಹೊಡೆಯುವುದು) ಕೋಡ್ ಗೊತ್ತಿಲ್ಲದೆ ಅಲ್ಲ. ಈ ಸಾಲಿಗೆ ಬರುವಾಗ ಮಷೀನ್ ಯಾವ ಸ್ಥಿತಿಯಲ್ಲಿದೆ ಅನ್ನುವುದು ಗೊತ್ತಿಲ್ಲದೆ. ಈ ಮಾರ್ಗದರ್ಶಿ ಓದುವಾಗ ಪ್ರತಿ ಹೆಜ್ಜೆಗೂ ಅದೇ ಪ್ರಶ್ನೆ ಕೇಳಿಕೊಳ್ಳಿ: ಈಗ ಮಷೀನಿನ ನೆನಪಿನಲ್ಲಿ ಏನೇನು ಚಾಲೂ ಇದೆ?

ಒಂದು ಸೂಚನೆ. ಇಲ್ಲಿ ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಕೀಪ್ಯಾಡಿನಲ್ಲಿ ಒತ್ತಬೇಕಾದದ್ದು ಅದೇ ಉಚ್ಚಾರಣೆಯ ಇಂಗ್ಲಿಷ್ ಅಕ್ಷರ. ಉದಾಹರಣೆಗಳೆಲ್ಲ ನಮ್ಮ ಕಡೆ ಜಾಸ್ತಿ ಕಾಣುವ ಫಾನುಕ್ ಕಂಪನಿಯ ಕಂಟ್ರೋಲಿನವು (ಮಷೀನ್ ನಡೆಸುವ ಕಂಪ್ಯೂಟರ್). ಸೀಮೆನ್ಸ್ ಕಂಟ್ರೋಲಿನಲ್ಲಿ ಜಿ00, ಜಿ01 ತರಹದ ಮೂಲ ಚಲನೆಗಳು ಅವೇ, ಸೈಕಲ್‌ಗಳು ಬೇರೆ.

ಒಂದು ಸಾಲಿನಲ್ಲಿ ಏನಿರುತ್ತದೆ

ಅಮೆರಿಕದ ಎಂಐಟಿಯಲ್ಲಿ 1952ರಲ್ಲಿ ಮೊದಲ ಬಾರಿಗೆ ಅಂಕಿಗಳಿಂದ ನಡೆಯುವ ಮಿಲ್ಲಿಂಗ್ ಮಷೀನ್ ತೋರಿಸಿದಾಗ ಪ್ರೋಗ್ರಾಂ ಇದ್ದದ್ದು ತೂತು ಹೊಡೆದ ಕಾಗದದ ಟೇಪಿನಲ್ಲಿ. ಆ ಟೇಪಿನ ಗುರುತು ಇಂದಿಗೂ ಉಳಿದಿದೆ. ಪ್ರೋಗ್ರಾಂ ಕೊನೆಗೆ ಬರೆಯುವ ಎಂ30 ಅಂದರೆ ಕೆಲಸ ಮುಗಿಸಿ ಟೇಪನ್ನು ಮೊದಲಿಗೆ ಸುತ್ತು ಎಂದು. ಆದ್ದರಿಂದಲೇ ಎಂ30 ಬಂದ ಮೇಲೆ ಕರ್ಸರ್ ತಾನಾಗಿ ಮೇಲಿನ ಸಾಲಿಗೆ ಹೋಗಿ ನಿಲ್ಲುತ್ತದೆ. ಮುಂದೆ ಈ ಭಾಷೆ 1980ರ ಹೊತ್ತಿಗೆ ಅಮೆರಿಕದಲ್ಲಿ ಆರ್‌ಎಸ್-274-ಡಿ ಎಂಬ ಮಾನಕವಾಯಿತು, 1982ರಲ್ಲಿ ಐಎಸ್‌ಓ 6983 ಆಯಿತು. ಮಾನಕ ಇದ್ದರೂ ಪ್ರತಿ ಕಂಪನಿ ತನ್ನದೊಂದಿಷ್ಟು ಸೇರಿಸಿಕೊಂಡಿದೆ. ಹೊಸ ಮಷೀನ್ ಮುಂದೆ ನಿಂತಾಗ ಅದರ ಮ್ಯಾನ್ಯುಯಲ್ ತೆಗೆದು ನೋಡಲೇಬೇಕಾದದ್ದು ಇದಕ್ಕೇ.

ಒಂದು ಸಾಲನ್ನು ಬ್ಲಾಕ್ ಅನ್ನುತ್ತಾರೆ. ಅದರಲ್ಲಿ ಒಂದು ಅಕ್ಷರ, ಅದರ ಹಿಂದೆ ಒಂದು ಅಂಕಿ. ಜಿ ಬಂದರೆ ಹೇಗೆ ಚಲಿಸಬೇಕು ಎಂಬ ತಯಾರಿ. ಎಂ ಬಂದರೆ ಮಷೀನಿನ ಸ್ವಿಚ್: ಸ್ಪಿಂಡಲ್ (ತಿರುಗುವ ಅಕ್ಷದಂಡ), ಕೂಲಂಟ್ (ತಣಿಸುವ ದ್ರವ), ಚಕ್ (ಜಾಬನ್ನು ಬಿಗಿಯಾಗಿ ಹಿಡಿಯುವುದು). ಎಕ್ಸ್, ವೈ, ಝಡ್ ಎಲ್ಲಿಗೆ ಹೋಗಬೇಕು ಎಂಬ ಜಾಗ. ಎಫ್ ಫೀಡ್ (ಕತ್ತರಿಸುತ್ತಾ ಟೂಲ್ ಸಾಗುವ ವೇಗ), ಎಸ್ ಸ್ಪಿಂಡಲ್ ವೇಗ, ಟಿ ಟೂಲ್. ಸಾಲಿನ ಕೊನೆಗೆ ಅರ್ಧವಿರಾಮದ ಚಿಹ್ನೆ, ಕೀಪ್ಯಾಡಿನಲ್ಲಿ ಅದಕ್ಕೆ ಇಓಬಿ ಎಂಬ ಬಟನ್.

ಜಿ00 ಅಂದರೆ ಗಾಳಿಯಲ್ಲಿ ಓಟ, ಮಷೀನಿನ ಪೂರ್ತಿ ವೇಗದಲ್ಲಿ. ಜಿ01 ಅಂದರೆ ಫೀಡ್‌ನಲ್ಲಿ ನೇರ ಕಟಿಂಗ್. ಜಿ02, ಜಿ03 ಕಮಾನು. ಜಿ04 ಸ್ವಲ್ಪ ಹೊತ್ತು ನಿಲ್ಲುವುದು. ಎಂ03 ಮತ್ತು ಎಂ04 ಸ್ಪಿಂಡಲ್ ಎರಡು ದಿಕ್ಕಿಗೆ, ಎಂ05 ನಿಲ್ಲಿಸಲು, ಎಂ08 ಕೂಲಂಟ್ ಚಾಲೂ, ಎಂ09 ಬಂದ್. ಎಂ00 ಬಂದರೆ ಪ್ರೋಗ್ರಾಂ ನಿಲ್ಲುತ್ತದೆ. ಎಂ01 ಬಂದರೆ ಪ್ಯಾನೆಲ್ ಮೇಲೆ ಆಪ್ಷನಲ್ ಸ್ಟಾಪ್ ಹಾಕಿದ್ದರೆ ಮಾತ್ರ ನಿಲ್ಲುತ್ತದೆ. ಚಕ್ ತೆರೆಯುವ, ಮುಚ್ಚುವ ಎಂ-ಕೋಡ್ ಮಾತ್ರ ಮಷೀನ್ ತಯಾರಿಸಿದವರ ಇಷ್ಟ. ಒಂದರಲ್ಲಿ ಎಂ10, ಇನ್ನೊಂದರಲ್ಲಿ ಎಂ68. ಪಕ್ಕದ ಮಷೀನ್ ನೋಡಿ ಊಹೆ ಮಾಡಬೇಡಿ.

ನೆನಪಿನಲ್ಲಿ ಉಳಿಯುವ ಕೋಡ್‌ಗಳು

ಜಿ01 ಅಂತ ಒಮ್ಮೆ ಬರೆದರೆ ಮುಂದಿನ ಸಾಲುಗಳಲ್ಲಿ ಬರೀ ಎಕ್ಸ್, ಝಡ್ ಬರೆದರೂ ಅದು ಜಿ01 ಆಗಿಯೇ ಓಡುತ್ತದೆ. ಜಿ00, ಜಿ02 ಅಥವಾ ಜಿ03 ಬರುವ ತನಕ ಬದಲಾಗುವುದಿಲ್ಲ. ಇಂಥವನ್ನು ಮೋಡಲ್ ಕೋಡ್ ಅನ್ನುತ್ತಾರೆ. ಫೀಡ್ ಕೂಡ ಹಾಗೇ, ಸ್ಪಿಂಡಲ್ ವೇಗವೂ ಹಾಗೇ. ಜಿ04 ಮಾತ್ರ ತನ್ನ ಸಾಲಿನಲ್ಲೇ ಮುಗಿದು ಹೋಗುತ್ತದೆ.

ಇದು ಬರೆಯಲು ಅನುಕೂಲ, ಮರೆತರೆ ಅಪಾಯ. ಲೇತ್‌ನ ಫೀಡ್ ನೋಡಿ. ಜಿ99 ಚಾಲೂ ಇದ್ದರೆ ಎಫ್ ಅನ್ನು ಒಂದು ಸುತ್ತಿಗೆ ಇಷ್ಟು ಮಿಲಿಮೀಟರ್ ಎಂದು ಓದುತ್ತದೆ. ಜಿ98 ಇದ್ದರೆ ನಿಮಿಷಕ್ಕೆ ಇಷ್ಟು ಎಂದು. ಜಿ98ರಲ್ಲಿ ಎಫ್0.25 ಕೊಟ್ಟರೆ ಟೂಲ್ ನಿಂತೇ ಹೋಯಿತೇನೋ ಅನ್ನಿಸುತ್ತದೆ, ನಿಮಿಷಕ್ಕೆ ಕಾಲು ಮಿಲಿಮೀಟರ್ ತಾನೇ. ಅದರಿಂದ ದೊಡ್ಡ ನಷ್ಟ ಇಲ್ಲ. ತಿರುಗುಮುರುಗು ಆದರೆ? ಜಿ99ರಲ್ಲಿ ಎಫ್100 ಕೊಟ್ಟರೆ ಪ್ರತಿ ಸುತ್ತಿಗೆ ನೂರು ಮಿಲಿಮೀಟರ್ ನುಗ್ಗಲು ಹೊರಡುತ್ತದೆ. ಇನ್ಸರ್ಟ್ (ಟೂಲಿನ ತುದಿಯ ಕತ್ತರಿಸುವ ತುಂಡು), ಹೋಲ್ಡರ್, ಕೆಲವೊಮ್ಮೆ ಟರೆಟ್ಟಿನ (ಟೂಲುಗಳನ್ನು ಹಿಡಿದು ತಿರುಗಿಸುವ ತಲೆ) ಅಲೈನ್‌ಮೆಂಟ್ ಎಲ್ಲಾ ಹೋಗುತ್ತದೆ.

ಅದಕ್ಕೇ ಪ್ರತಿ ಪ್ರೋಗ್ರಾಂ ಮೊದಲಿಗೆ ಒಂದು ಸೇಫ್ಟಿ ಸಾಲು ಬರೆಯುವುದು. ಹಿಂದಿನ ಶಿಫ್ಟಿನವರು ಏನು ಬಿಟ್ಟು ಹೋಗಿದ್ದರೋ ಗೊತ್ತಿಲ್ಲ, ನಮಗೆ ಬೇಕಾದ ಸ್ಥಿತಿಯನ್ನು ನಾವೇ ಬರೆದು ಶುರು ಮಾಡುತ್ತೇವೆ. ಸ್ಕ್ರೀನ್ ಮೇಲೆ ಪ್ರೋಗ್ರಾಂ ಚೆಕ್ ಪುಟ ತೆಗೆದರೆ ಆ ಕ್ಷಣಕ್ಕೆ ಚಾಲೂ ಇರುವ ಜಿ-ಕೋಡ್‌ಗಳೆಲ್ಲ ಸಾಲಾಗಿ ಕಾಣುತ್ತವೆ. ಅದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಚುಕ್ಕೆ ಮರೆತರೆ

ಈ ಒಂದು ವಿಷಯ ಗೋಡೆ ಮೇಲೆ ಬರೆದಿಡುವಂಥದ್ದು. ಫಾನುಕ್‌ನಲ್ಲಿ ಎಕ್ಸ್50 ಎಂದು ಚುಕ್ಕೆ ಇಲ್ಲದೆ ಬರೆದರೆ ಅದು 50 ಮಿಲಿಮೀಟರ್ ಆಗಬೇಕೆಂದಿಲ್ಲ. ಮಷೀನಿನ ಸೆಟ್ಟಿಂಗ್ ಹಾಗಿದ್ದರೆ 50 ಮೈಕ್ರಾನ್ ಎಂದು ಓದುತ್ತದೆ, ಅಂದರೆ 0.050 ಮಿ.ಮೀ. ಟೂಲ್ ಸೀದಾ ಜಾಬಿನ ನಡುವಿಗೆ ನುಗ್ಗುತ್ತದೆ. ಪ್ಯಾರಾಮೀಟರ್ 3401ರ ಒಂದು ಬಿಟ್ ಇದನ್ನು ನಿರ್ಧರಿಸುತ್ತದೆ. ಆದರೆ ಪ್ಯಾರಾಮೀಟರ್ ನಂಬಿ ಕೂರುವುದಕ್ಕಿಂತ ಯಾವ ಮಷೀನಿನಲ್ಲಾದರೂ ಎಕ್ಸ್50.0 ಎಂದೇ ಬರೆಯಿರಿ. ಕೈ ಅದಕ್ಕೆ ಒಗ್ಗಬೇಕು. ಥ್ರೆಡಿಂಗ್ ಸೈಕಲ್ ಜಿ76ರಲ್ಲಿ ಪಿ, ಕ್ಯೂ ಅಂಕಿಗಳನ್ನು ಮಾತ್ರ ಚುಕ್ಕೆ ಇಲ್ಲದೆ ಕೊಡಬೇಕು, ಅವುಗಳಲ್ಲಿ ಆಳ ಹೇಳುವವು ಮೈಕ್ರಾನ್‌ನಲ್ಲಿ.

ಡ್ರಾಯಿಂಗ್‌ನಿಂದ ಶುರು

ಈಗ ಒಂದು ಜಾಬ್ ತೆಗೆದುಕೊಳ್ಳೋಣ. ಇಎನ್8 ಉಕ್ಕಿನ ರಾಡ್, ವ್ಯಾಸ 50 ಮಿ.ಮೀ. ಅದರ ತುದಿಯಲ್ಲಿ 30 ವ್ಯಾಸದ ಮೆಟ್ಟಿಲು, 25 ಉದ್ದ. ಅದರ ಹಿಂದೆ 46 ವ್ಯಾಸ, ಮುಖದಿಂದ 45 ಉದ್ದದ ತನಕ. ಮುಖದ ಅಂಚಿಗೆ 1 ಮಿ.ಮೀ. ಚೇಂಫರ್ (ಓರೆ ಅಂಚು), 45 ಡಿಗ್ರಿ. ಇಂಥ ಪಿನ್ ಮಾಡದ ಶಾಪ್ ಇರಲಿಕ್ಕಿಲ್ಲ.

ಮೊದಲು ಕಾಗದ, ಪೆನ್ಸಿಲ್. ಜಾಬಿನ ಮುಖದ ನಟ್ಟನಡುವನ್ನು ಎಕ್ಸ್0 ಝಡ್0 ಎಂದು ಗುರುತಿಸಿ. ಚಕ್ಕಿನ ಕಡೆ ಹೋದರೆ ಝಡ್ ಮೈನಸ್. ಲೇತ್‌ನಲ್ಲಿ ಎಕ್ಸ್ ಅಂದರೆ ವ್ಯಾಸ, ತ್ರಿಜ್ಯ ಅಲ್ಲ. ಹೀಗಾಗಿ 1 ಮಿ.ಮೀ. ಚೇಂಫರ್ ಎಕ್ಸ್‌ನಲ್ಲಿ 2 ಮಿ.ಮೀ. ಆಗುತ್ತದೆ. ಎಕ್ಸ್28.0 ಝಡ್0 ಇಂದ ಎಕ್ಸ್30.0 ಝಡ್-1.0 ತನಕ. ಹೊಸಬರು ಜಾಸ್ತಿ ಎಡವುವುದು ಇಲ್ಲೇ, ಎಕ್ಸ್29 ಎಂದು ಬರೆದುಬಿಡುತ್ತಾರೆ. ಮುಂದಿನ ಬಿಂದುಗಳು: 30ರಲ್ಲಿ ಝಡ್-25.0, ಅಲ್ಲಿಂದ 46ಕ್ಕೆ ಏರು, ಝಡ್-45.0, ಹೊರಗೆ 52. ಪ್ರತಿ ಬಿಂದುವಿಗೂ ಅಂಕಿ ಬರೆದುಕೊಂಡ ಮೇಲೆ ಪ್ರೋಗ್ರಾಂ ಅರ್ಧ ಮುಗಿದಂತೆ.

ಚಕ್ಕಿನಿಂದ ಎಷ್ಟು ಹೊರಗೆ ಬಿಡಬೇಕು? ಕಟಿಂಗ್ 45 ತನಕ, ಚಕ್ಕಿನ ಜಾ (ಹಿಡಿಯುವ ದವಡೆ) ಮತ್ತು ಟೂಲ್ ನಡುವೆ ಜಾಗ ಬೇಕು. 60 ಮಿ.ಮೀ. ಬಿಟ್ಟು ಕಟ್ಟಿದರೆ 15 ಮಿ.ಮೀ. ಉಳಿಯುತ್ತದೆ. ಅಷ್ಟು ಸಾಕು. ಇನ್ನೂ ಜಾಸ್ತಿ ಬಿಟ್ಟರೆ ಜಾಬ್ ನಡುಗಿ ಮೇಲ್ಮೈ ಕೆಡುತ್ತದೆ.

ಇನ್ನು ಸ್ಪಿಂಡಲ್ ವೇಗ. ಸೂತ್ರ ಒಂದೇ: ಕಟಿಂಗ್ ಸ್ಪೀಡನ್ನು 1000ದಿಂದ ಗುಣಿಸಿ, 3.14ರಿಂದಲೂ ವ್ಯಾಸದಿಂದಲೂ ಭಾಗಿಸಿ. ಇಎನ್8ಕ್ಕೆ ಕಾರ್ಬೈಡ್ ಇನ್ಸರ್ಟ್ ಹಾಕಿ ನಿಮಿಷಕ್ಕೆ 180 ಮೀಟರ್ ಹಿಡಿದರೆ 50 ವ್ಯಾಸದಲ್ಲಿ ಸುಮಾರು 1146 ಆರ್‌ಪಿಎಂ (ನಿಮಿಷಕ್ಕೆ ಸುತ್ತು), 30 ವ್ಯಾಸದಲ್ಲಿ ಸುಮಾರು 1910. ವ್ಯಾಸ ಸಣ್ಣದಾದಂತೆ ವೇಗ ಏರಬೇಕು. ಆ ಲೆಕ್ಕವನ್ನು ಜಿ96 ತಾನೇ ನೋಡಿಕೊಳ್ಳುತ್ತದೆ. ಆದರೆ ಫೇಸಿಂಗ್ (ಮುಖ ಸಮತಟ್ಟು) ಮಾಡುತ್ತಾ ನಡುವಿಗೆ ಬಂದಾಗ ವ್ಯಾಸ ಸೊನ್ನೆ, ಆಗ ವೇಗ ಏರುತ್ತಾ ಮಷೀನಿನ ಮಿತಿಯವರೆಗೂ ಹೋಗುತ್ತದೆ. ಅದಕ್ಕೆ ಕಡಿವಾಣ ಜಿ50. ಜಿ50 ಎಸ್2000 ಎಂದರೆ ಏನೇ ಆದರೂ 2000 ದಾಟಬೇಡ ಎಂದು. ಭಾರದ, ವಕ್ರವಾದ ಕಾಸ್ಟಿಂಗ್ ಕಟ್ಟಿದಾಗ ಇದನ್ನು ಇನ್ನೂ ಕೆಳಗೆ ಇಡಿ. ವೇಗ ಏರಿದಂತೆ ಚಕ್ಕಿನ ಹಿಡಿತ ಸಡಿಲವಾಗುತ್ತದೆ, ಜಾಬ್ ಹಾರಿದರೆ ಬಾಗಿಲಿನ ಗಾಜೂ ತಡೆಯದು. ಜಿ96 ಬರೆದು ಜಿ50 ಬಿಟ್ಟ ಪ್ರೋಗ್ರಾಂ ಕಂಡರೆ ನಾನು ಓಡಿಸಲು ಬಿಡುವುದಿಲ್ಲ.

ಪ್ರೋಗ್ರಾಂ

ಟೂಲ್ 1 ರಫಿಂಗ್‌ಗೆ (ಮೊದಲ ಒರಟು ಕಟಿಂಗ್), ಇನ್ಸರ್ಟ್ ಸಿಎನ್‌ಎಂಜಿ 120408. ಕೊನೆಯ 08 ಅಂದರೆ ಮೂತಿಯ ತ್ರಿಜ್ಯ 0.8 ಮಿ.ಮೀ. ಟೂಲ್ 3 ಫಿನಿಶಿಂಗ್‌ಗೆ (ಕೊನೆಯ ನಯದ ಕಟಿಂಗ್), ಮೂತಿ 0.4.

ಓ1001;
ಜಿ21;
ಜಿ40 ಜಿ97 ಜಿ99;
ಜಿ28 ಯು0;
ಜಿ28 ಡಬ್ಲ್ಯೂ0;
ಟಿ0101;
ಜಿ50 ಎಸ್2000;
ಜಿ96 ಎಸ್180 ಎಂ03;
ಜಿ00 ಎಕ್ಸ್54.0 ಝಡ್2.0 ಎಂ08;
ಝಡ್0;
ಜಿ01 ಎಕ್ಸ್-1.6 ಎಫ್0.15;
ಜಿ00 ಝಡ್2.0;
ಎಕ್ಸ್52.0;
ಜಿ71 ಯು1.5 ಆರ್0.5;
ಜಿ71 ಪಿ10 ಕ್ಯೂ20 ಯು0.4 ಡಬ್ಲ್ಯೂ0.1 ಎಫ್0.25;
ಎನ್10 ಜಿ00 ಎಕ್ಸ್28.0;
ಜಿ01 ಝಡ್0 ಎಫ್0.12;
ಎಕ್ಸ್30.0 ಝಡ್-1.0;
ಝಡ್-25.0;
ಎಕ್ಸ್46.0;
ಝಡ್-45.0;
ಎನ್20 ಎಕ್ಸ್52.0;
ಜಿ28 ಯು0 ಡಬ್ಲ್ಯೂ0 ಎಂ09;
ಎಂ01;
ಟಿ0303;
ಜಿ50 ಎಸ್2500;
ಜಿ96 ಎಸ್220 ಎಂ03;
ಜಿ00 ಎಕ್ಸ್52.0 ಝಡ್2.0 ಎಂ08;
ಜಿ70 ಪಿ10 ಕ್ಯೂ20;
ಜಿ28 ಯು0 ಡಬ್ಲ್ಯೂ0 ಎಂ09;
ಎಂ05;
ಎಂ30;

ಮೇಲಿಂದ ಬರೋಣ. ಜಿ21 ಅಂದರೆ ಮಿಲಿಮೀಟರ್, ಅದನ್ನು ಬೇರೆ ಸಾಲಿನಲ್ಲಿ ಬಿಡಿಯಾಗಿ ಬರೆಯಿರಿ. ಅದರ ಕೆಳಗಿನದು ನಮ್ಮ ಸೇಫ್ಟಿ ಸಾಲು: ಮೂತಿಯ ಪರಿಹಾರ (ಇದು ಮುಂದೆ ಚೇಂಫರ್ ಭಾಗದಲ್ಲಿ ಬರುತ್ತದೆ) ಬಂದ್, ವೇಗ ನೇರ ಆರ್‌ಪಿಎಂ, ಫೀಡ್ ಸುತ್ತಿಗೆ ಇಷ್ಟು. ಆಮೇಲೆ ಜಿ28, ಮನೆಗೆ ಹೋಗು. ಮೊದಲು ಎಕ್ಸ್, ಆಮೇಲೆ ಝಡ್, ಎರಡು ಸಾಲಾಗಿ ಬರೆದದ್ದು ಬೇಕೆಂದೇ. ಟೂಲ್ ಎಲ್ಲಿ ನಿಂತಿದೆಯೋ ಗೊತ್ತಿಲ್ಲದ ಹೊತ್ತಿನಲ್ಲಿ ಮೊದಲು ಜಾಬಿನಿಂದ ಹೊರಕ್ಕೆ ಬರಲಿ.

ಟಿ0101ರಲ್ಲಿ ಮೊದಲ ಎರಡು ಅಂಕಿ ಟೂಲ್ ನಂಬರ್, ಕೊನೆಯ ಎರಡು ಆಫ್‌ಸೆಟ್ (ಆ ಟೂಲಿನ ಅಳತೆ ಬರೆದಿಟ್ಟ ಸಾಲು) ನಂಬರ್. ಟಿ0103 ಎಂದು ಬೆರಳು ತಪ್ಪಿದರೆ ಒಂದನೇ ಟೂಲ್ ಮೂರನೇ ಟೂಲಿನ ಅಳತೆ ಹಿಡಿದು ಓಡುತ್ತದೆ. ಎರಡೂ ಜೋಡಿ ಒಂದೇ ಇರುವಂತೆ ಇಡುವುದು ಒಳ್ಳೆಯ ರೂಢಿ. ಎಂ03 ಬೇಕೋ ಎಂ04 ಬೇಕೋ ಎಂಬುದು ಟರೆಟ್ಟಿನಲ್ಲಿ ಇನ್ಸರ್ಟ್ ಮುಖ ಮೇಲಿದೆಯೋ ಕೆಳಗಿದೆಯೋ ಎಂಬುದರ ಮೇಲೆ. ಮಷೀನ್ ನೋಡಿ ಬರೆಯಿರಿ.

ಫೇಸಿಂಗ್‌ನಲ್ಲಿ ಎಕ್ಸ್-1.6 ತನಕ ಹೋಗಿದ್ದೇವೆ. ಎಕ್ಸ್0ಗೆ ನಿಲ್ಲಿಸಿದರೆ ನಡುವೆ ಸಣ್ಣ ಮೊಳೆ ಉಳಿಯುತ್ತದೆ, ಇನ್ಸರ್ಟಿನ ಮೂತಿ ಚೂಪಲ್ಲ, ದುಂಡಗಿದೆ. ಮೂತಿ 0.8, ವ್ಯಾಸದ ಲೆಕ್ಕದಲ್ಲಿ ಎರಡರಷ್ಟು, 1.6.

ಜಿ71 ರಫಿಂಗ್ ಸೈಕಲ್, ಎರಡು ಸಾಲಿನದು. ಮೊದಲ ಸಾಲಿನ ಯು1.5 ಅಂದರೆ ಒಂದು ಬಾರಿಗೆ ಒಂದು ಬದಿಯಲ್ಲಿ ಒಂದೂವರೆ ಮಿ.ಮೀ. ಆಳ, ಆರ್0.5 ಹಿಂದೆ ಸರಿಯುವ ದೂರ. ಎರಡನೇ ಸಾಲಿನ ಯು0.4 ಅಂದರೆ ಫಿನಿಶಿಂಗ್‌ಗೆ ವ್ಯಾಸದಲ್ಲಿ ಬಿಡುವ ಮಾಲು. ಒಂದೇ ಅಕ್ಷರ, ಎರಡು ಅರ್ಥ, ಒಂದು ತ್ರಿಜ್ಯದ್ದು ಇನ್ನೊಂದು ವ್ಯಾಸದ್ದು. ಪಿ10, ಕ್ಯೂ20 ಅಂದರೆ ಜಾಬಿನ ಆಕಾರ ಎನ್10ರಿಂದ ಎನ್20ರ ತನಕ ಬರೆದಿದೆ ಎಂದು. ಎನ್10ರ ಸಾಲಿನಲ್ಲಿ ಎಕ್ಸ್ ಮಾತ್ರ ಇದೆ, ಝಡ್ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರುವ ಇಂಥ ಆಕಾರಕ್ಕೆ ಅದು ಹಾಗೇ ಇರಬೇಕು. ಆಕಾರದೊಳಗೆ ಬರೆದ ಎಫ್0.12 ರಫಿಂಗ್‌ಗೆ ಲೆಕ್ಕಕ್ಕಿಲ್ಲ, ಜಿ70 ಫಿನಿಶಿಂಗ್ ಓಡುವಾಗ ಅದು ಕೆಲಸಕ್ಕೆ ಬರುತ್ತದೆ. ಜಿ70 ಶುರು ಮಾಡುವ ಜಾಗ ಜಿ71 ಶುರುವಾದ ಜಾಗವೇ ಆಗಿರಲಿ: ಎಕ್ಸ್52.0 ಝಡ್2.0. ಸೈಕಲ್ ಮುಗಿದಾಗ ಟೂಲ್ ಹಿಂದಿರುಗುವುದು ಅಲ್ಲಿಗೇ.

ರಫಿಂಗ್ ನಂತರ ಎಂ01 ಇಟ್ಟಿದ್ದು ಮೊದಲ ಜಾಬ್‌ಗಾಗಿ. ಆಪ್ಷನಲ್ ಸ್ಟಾಪ್ ಹಾಕಿ ನಿಲ್ಲಿಸಿ, ವ್ಯಾಸ ಅಳೆಯಿರಿ. 30.4 ಹತ್ತಿರ ಇದ್ದರೆ ಮುಂದೆ ಹೋಗಿ.

ಮೂಲೆಯಲ್ಲಿ ಚೇಂಫರ್ ಬದಲು ತ್ರಿಜ್ಯ ಇದ್ದರೆ? 2 ಮಿ.ಮೀ. ಹೊರ ತ್ರಿಜ್ಯಕ್ಕೆ ಎಕ್ಸ್26.0 ಝಡ್0 ಇಂದ ಜಿ03 ಎಕ್ಸ್30.0 ಝಡ್-2.0 ಆರ್2.0. ಒಳಮೂಲೆಯ ಫಿಲೆಟ್‌ಗೆ ಜಿ02: ಝಡ್-23.0ಕ್ಕೆ ಬಂದು ಜಿ02 ಎಕ್ಸ್34.0 ಝಡ್-25.0 ಆರ್2.0. ಹೊರಗಿನ ಟರ್ನಿಂಗ್‌ನಲ್ಲಿ ಚಕ್ಕಿನ ಕಡೆ ಹೋಗುವಾಗ ಉಬ್ಬಿದ್ದಕ್ಕೆ ಜಿ03, ತಗ್ಗಿದ್ದಕ್ಕೆ ಜಿ02.

ಟೂಲ್ ಟಚ್ ಮಾಡುವುದು

ಪ್ರೋಗ್ರಾಂ ಎಷ್ಟೇ ಸರಿ ಇದ್ದರೂ ಟೂಲ್ ತುದಿ ಎಲ್ಲಿದೆ ಎಂದು ಮಷೀನಿಗೆ ಗೊತ್ತಿರಬೇಕಲ್ವಾ. ಹ್ಯಾಂಡಲ್ ಮೋಡಿನಲ್ಲಿ ಟೂಲ್ 1 ತಂದು ಮುಖವನ್ನು ಸ್ವಲ್ಪ ಕೆರೆಯಿರಿ. ಝಡ್ ಅಲ್ಲಾಡಿಸದೆ ಎಕ್ಸ್‌ನಲ್ಲಿ ಹೊರಬನ್ನಿ. ಆಫ್‌ಸೆಟ್ ಪುಟದ ಜಿಯೋಮೆಟ್ರಿಯಲ್ಲಿ ಒಂದನೇ ಸಾಲಿಗೆ ಕರ್ಸರ್ ಒಯ್ದು ಝಡ್0 ಹಾಕಿ ಮೆಷರ್ ಒತ್ತಿ. ಆಮೇಲೆ ವ್ಯಾಸದ ಮೇಲೆ ಒಂದು ತೆಳು ಕಟ್ ತೆಗೆಯಿರಿ, ಈಗ ಎಕ್ಸ್ ಅಲ್ಲಾಡಿಸದೆ ಝಡ್‌ನಲ್ಲಿ ಹೊರಬನ್ನಿ. ಸ್ಪಿಂಡಲ್ ನಿಲ್ಲಿಸಿ ಮೈಕ್ರೋಮೀಟರ್‌ನಿಂದ ಅಳೆಯಿರಿ. 49.62 ಬಂದರೆ ಎಕ್ಸ್49.62 ಹಾಕಿ ಮೆಷರ್. ಎರಡನೇ, ಮೂರನೇ ಟೂಲುಗಳಿಗೆ ಮುಖವನ್ನು ಮತ್ತೆ ಕತ್ತರಿಸಬಾರದು, ಮುಟ್ಟಿಸಿದರೆ ಸಾಕು. ಕತ್ತರಿಸಿದರೆ ಮೊದಲ ಟೂಲಿನ ಝಡ್0 ಬೇರೆ, ಇದರದ್ದು ಬೇರೆ ಆಗುತ್ತದೆ.

ಟೂಲ್ ಹೊರಗೆ ತರುವಾಗ ಅಕ್ಷ ತಪ್ಪಿ ಅಲ್ಲಾಡಿಸಿ ಮೆಷರ್ ಒತ್ತಿದರೆ ಆಫ್‌ಸೆಟ್ ಪೂರಾ ತಪ್ಪು. ಹಾಗಾಗಿ ಮೆಷರ್ ಒತ್ತಿದ ಮೇಲೆ ಒಂದು ಪರೀಕ್ಷೆ ಮಾಡಿ. ಟೂಲನ್ನು ದೂರ ಒಯ್ದು ಎಂಡಿಐ ಮೋಡಿನಲ್ಲಿ (ಕೈಯಿಂದ ಸಾಲು ಬರೆದು ಓಡಿಸುವ ಮೋಡ್) ಟಿ0101 ಹಾಕಿ, ಮುಖದಿಂದ 50 ಮಿ.ಮೀ. ದೂರಕ್ಕೆ ಕರೆಯಿರಿ. ಒಂದು ಸ್ಕೇಲ್ ಹಿಡಿದು ನೋಡಿ. 50 ಇದ್ದಂತೆ ಕಂಡರೆ ಧೈರ್ಯವಾಗಿ ಮುಂದುವರಿಯಿರಿ.

ಮೊದಲ ಜಾಬ್

ಮೊದಲು ಗ್ರಾಫಿಕ್ಸ್‌ನಲ್ಲಿ ದಾರಿ ನೋಡಿ. ಮಷೀನ್ ಲಾಕ್ ಹಾಕಿ ಓಡಿಸಿದ್ದರೆ ಆಮೇಲೆ ಮರೆಯದೆ ಮತ್ತೆ ಹೋಮ್ ಮಾಡಿ. ಲಾಕ್‌ನಲ್ಲಿ ಸ್ಕ್ರೀನಿನ ಅಂಕಿ ಓಡಿದೆ, ಟೂಲ್ ಓಡಿಲ್ಲ, ಎರಡಕ್ಕೂ ತಾಳೆ ತಪ್ಪಿರುತ್ತದೆ.

ಆಮೇಲೆ ಸಿಂಗಲ್ ಬ್ಲಾಕ್ (ಒತ್ತಿದಾಗ ಒಂದೇ ಸಾಲು ಓಡುವುದು) ಹಾಕಿ, ರ‍್ಯಾಪಿಡ್ ಓವರ್‌ರೈಡ್ (ಜಿ00 ಓಟದ ವೇಗ) ಕೆಳಗೆ ಇಳಿಸಿ, ಒಂದು ಕೈ ಫೀಡ್ ಹೋಲ್ಡ್ ಮೇಲೆ ಇರಲಿ. ಟೂಲ್ ಜಾಬ್ ಹತ್ತಿರ ಬರುವಾಗ ಫೀಡ್ ಹೋಲ್ಡ್ ಒತ್ತಿ ನಿಲ್ಲಿಸಿ, ಸ್ಕ್ರೀನಿನಲ್ಲಿ ಡಿಸ್ಟನ್ಸ್ ಟು ಗೋ (ಇನ್ನು ಹೋಗಬೇಕಾದ ದೂರ) ನೋಡಿ. ಟೂಲಿಗೂ ಮುಖಕ್ಕೂ ನಡುವೆ ಕಣ್ಣಿಗೆ ಕಾಣುವ ಅಂತರ 10 ಮಿ.ಮೀ. ಇದೆ, ಸ್ಕ್ರೀನ್ ಇನ್ನೂ 30 ಹೋಗಬೇಕು ಅನ್ನುತ್ತಿದೆ ಅಂದರೆ ಅಲ್ಲೇ ರೀಸೆಟ್. ಈ ಒಂದು ಅಭ್ಯಾಸ ಎಷ್ಟೋ ಟರೆಟ್ ಉಳಿಸಿದೆ. ಬಾಗಿಲಿನ ಇಂಟರ್‌ಲಾಕ್ ತೆಗೆದು ಓಡಿಸುವುದು, ತಿರುಗುವ ಚಕ್ ಹತ್ತಿರ ಕೈಗವಸು ಹಾಕುವುದು, ಚಿಪ್ಸ್ ಕೈಯಿಂದ ಎಳೆಯುವುದು, ಮೂರೂ ಬೇಡ. ಯಾರೇ ಹೇಳಿದರೂ ಬೇಡ.

ಜಾಬ್ ಬಂತು, ಅಳತೆ 30.04. ಬೇಕಾದ್ದು 30.00. ಪ್ರೋಗ್ರಾಂ ಮುಟ್ಟಬೇಡಿ. ಆಫ್‌ಸೆಟ್‌ನ ವೇರ್ (ಸವೆತದ ತಿದ್ದುಪಡಿ) ಪುಟದಲ್ಲಿ ಮೂರನೇ ಸಾಲಿನ ಎಕ್ಸ್‌ಗೆ -0.04 ಹಾಕಿ. ಇಲ್ಲಿ ಎರಡು ಸಾಫ್ಟ್‌ಕೀ ಇವೆ. ಪ್ಲಸ್ ಇನ್‌ಪುಟ್ ಒತ್ತಿದರೆ ಇದ್ದದ್ದಕ್ಕೆ ಸೇರಿಸುತ್ತದೆ. ಬರೀ ಇನ್‌ಪುಟ್ ಒತ್ತಿದರೆ ಇದ್ದದ್ದನ್ನು ಅಳಿಸಿ ಹೊಸದು ಬರೆಯುತ್ತದೆ. ಮೊದಲೇ ಅಲ್ಲಿ -0.10 ಇತ್ತು ಅನ್ನಿ. ಬರೀ ಇನ್‌ಪುಟ್ ಒತ್ತಿದಿರೋ, ಅದು -0.04 ಆಗಿ ಮುಂದಿನ ಜಾಬ್ 30.10 ಬರುತ್ತದೆ. ಹೊರಗಿನ ವ್ಯಾಸ ಆದ್ದರಿಂದ ಮತ್ತೆ ಕತ್ತರಿಸಬಹುದು. ಬೋರ್ (ಒಳ ವ್ಯಾಸ) ಆಗಿದ್ದರೆ, ಜಾಬ್ ಸ್ಕ್ರ್ಯಾಪ್. ಒತ್ತಿದ ಮೇಲೆ ಅಂಕಿ ಎಷ್ಟಾಯಿತು ಎಂದು ಓದಿಯೇ ಪುಟ ಬದಲಿಸಿ.

ಬಿಸಿ ಜಾಬ್ ಅಳೆದು ವೇರ್ ಕೊಡಬೇಡಿ. ಉಕ್ಕು 30 ಡಿಗ್ರಿ ಜಾಸ್ತಿ ಬಿಸಿ ಇದ್ದರೆ 30 ಮಿ.ಮೀ. ವ್ಯಾಸ ಸುಮಾರು 10 ಮೈಕ್ರಾನ್ ದೊಡ್ಡದಾಗಿರುತ್ತದೆ. ಡ್ರಾಯಿಂಗಿನಲ್ಲಿ ಟಾಲರೆನ್ಸ್ 20 ಮೈಕ್ರಾನ್ ಇದ್ದರೆ ಅರ್ಧ ಅದಕ್ಕೇ ಹೋಯಿತು. ಕೂಲಂಟ್‌ನಲ್ಲಿ ತಣಿಸಿ, ಒರೆಸಿ, ಆಮೇಲೆ ಮೈಕ್ರೋಮೀಟರ್ ಹಿಡಿಯಿರಿ.

ಚೇಂಫರ್ ಯಾಕೆ ಸಣ್ಣದು ಬಂತು

ವ್ಯಾಸ ಸರಿ, ಉದ್ದ ಸರಿ, ಚೇಂಫರ್ ಮಾತ್ರ 1 ಮಿ.ಮೀ. ಬರಲಿಲ್ಲ. ಮೇಲಿನ ಪ್ರೋಗ್ರಾಂ ಹಾಗೇ ಓಡಿಸಿದರೆ ಇದು ಖಂಡಿತ ಆಗುತ್ತದೆ. ಮೂತಿ 0.4 ಇದ್ದರೆ ಚೇಂಫರ್ ಸುಮಾರು 0.77 ಬರುತ್ತದೆ. 0.8 ಇನ್ಸರ್ಟಿನಲ್ಲೇ ಫಿನಿಶ್ ಮಾಡಿದ್ದರೆ ಬರೀ 0.53, ಅರ್ಧಕ್ಕರ್ಧ ಮಾಯ. ಮಷೀನ್ ಹಿಡಿದುಕೊಂಡಿದ್ದು ಮೂತಿ ಚೂಪಾಗಿದ್ದರೆ ಎಲ್ಲಿರುತ್ತಿತ್ತೋ ಆ ಕಲ್ಪನೆಯ ಬಿಂದುವನ್ನು. ನೇರ ವ್ಯಾಸದಲ್ಲಿ, ನೇರ ಮುಖದಲ್ಲಿ ಅದರಿಂದ ವ್ಯತ್ಯಾಸ ಆಗುವುದಿಲ್ಲ. ಓರೆಯಲ್ಲಿ, ಕಮಾನಿನಲ್ಲಿ ಆಗುತ್ತದೆ.

ಪರಿಹಾರ ಜಿ42. ಎನ್10 ಸಾಲನ್ನು ಎನ್10 ಜಿ00 ಜಿ42 ಎಕ್ಸ್28.0 ಎಂದು ಬದಲಿಸಿ. ಎನ್20 ಸಾಲನ್ನು ಎನ್20 ಜಿ01 ಜಿ40 ಎಕ್ಸ್52.0 ಎಂದು. ಅಷ್ಟಕ್ಕೇ ಮುಗಿಯಲಿಲ್ಲ. ಆಫ್‌ಸೆಟ್ ಪುಟದಲ್ಲಿ ಮೂರನೇ ಟೂಲಿನ ಆರ್ ಜಾಗದಲ್ಲಿ 0.4, ಟಿ ಜಾಗದಲ್ಲಿ 3 ತುಂಬಬೇಕು. ಈ 3 ಅಂದರೆ ಹೊರ ಟರ್ನಿಂಗ್ ಟೂಲಿನ ಮೂತಿ ಯಾವ ಕಡೆ ನೋಡುತ್ತಿದೆ ಎಂಬ ಗುರುತು. ಬೋರಿಂಗ್ ಬಾರ್‌ಗೆ ಅದು 2, ಅಲ್ಲಿ ಜಿ42 ಬದಲು ಜಿ41. ಆರ್ ತುಂಬದೆ ಜಿ42 ಬರೆದರೆ ಏನೂ ಬದಲಾಗುವುದಿಲ್ಲ. ಕೊನೆಗೆ ಜಿ40 ಮರೆತರೆ ಆ ಸ್ಥಿತಿ ಮುಂದಿನ ಸಾಲುಗಳಿಗೂ ಅಂಟಿಕೊಂಡು ಹೋಗುತ್ತದೆ. ನಮ್ಮ ಸೇಫ್ಟಿ ಸಾಲಿನಲ್ಲಿ ಜಿ40 ಇದ್ದದ್ದು ಇದಕ್ಕೇ.

ಲೇತ್‌ನಿಂದ ವಿಎಂಸಿಗೆ ಹೋದಾಗ

ಬೆಳಗಾವಿಯ ಶಾಪ್‌ಗಳಲ್ಲಿ ಇವತ್ತು ಲೇತ್, ನಾಳೆ ವಿಎಂಸಿ (ಜಾಬ್ ಟೇಬಲ್ ಮೇಲಿದ್ದು ಟೂಲ್ ತಿರುಗುವ ಮಿಲ್ಲಿಂಗ್ ಮಷೀನ್) ಎಂದು ನಿಲ್ಲಿಸುತ್ತಾರೆ. ಕೋಡ್ ಅದೇ ಇದ್ದು ಅರ್ಥ ಬೇರೆಯಾಗುವುದು ಇಲ್ಲೇ. ಲೇತ್‌ನಲ್ಲಿ ಜಿ98, ಜಿ99 ಫೀಡಿನ ವಿಷಯ. ವಿಎಂಸಿಯಲ್ಲಿ ಅವೇ ಕೋಡ್ ಡ್ರಿಲ್ ಆದ ಮೇಲೆ ಟೂಲ್ ಎಷ್ಟು ಎತ್ತರಕ್ಕೆ ಹಿಂದಿರುಗಬೇಕು ಎನ್ನುವುದನ್ನು ಹೇಳುತ್ತವೆ. ಲೇತ್‌ನಲ್ಲಿ ಜಿ90 ಒಂದು ಟರ್ನಿಂಗ್ ಸೈಕಲ್. ವಿಎಂಸಿಯಲ್ಲಿ ಜಿ90 ಅಂದರೆ ಅಳತೆಗಳೆಲ್ಲ ಸೊನ್ನೆಯಿಂದ, ಜಿ91 ಅಂದರೆ ಈಗಿರುವ ಜಾಗದಿಂದ. ಎಕ್ಸ್ ಕೂಡ ಇಲ್ಲಿ ವ್ಯಾಸ ಅಲ್ಲ, ನೇರ ದೂರ.

ಒಂದು ಎರಕದ ಫ್ಲ್ಯಾಂಜ್, ದಪ್ಪ 20 ಮಿ.ಮೀ., ನಾಲ್ಕು ತೂತು 10 ಮಿ.ಮೀ. ನಡುವಿನಿಂದ ಎರಡೂ ಕಡೆ 35ರಂತೆ. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಡ್ರಿಲ್.

ಓ2001;
ಜಿ21;
ಜಿ90 ಜಿ17 ಜಿ40 ಜಿ49 ಜಿ80;
ಟಿ01 ಎಂ06;
ಜಿ54 ಜಿ00 ಎಕ್ಸ್35.0 ವೈ35.0 ಎಸ್900 ಎಂ03;
ಜಿ43 ಎಚ್01 ಝಡ್50.0;
ಜಿ98 ಜಿ83 ಝಡ್-24.0 ಆರ್3.0 ಕ್ಯೂ5.0 ಎಫ್135.0;
ಎಕ್ಸ್-35.0;
ವೈ-35.0;
ಎಕ್ಸ್35.0;
ಜಿ80;
ಜಿ91 ಜಿ28 ಝಡ್0;
ಜಿ90 ಎಂ05;
ಎಂ30;

ಆಳ -24 ಯಾಕೆ? ದಪ್ಪ 20. ಡ್ರಿಲ್ ತುದಿ 118 ಡಿಗ್ರಿ ಇದ್ದರೆ ಕೊನೆಯ ಚೂಪು ವ್ಯಾಸದ ಸುಮಾರು 0.3 ಪಟ್ಟು, ಇಲ್ಲಿ 3 ಮಿ.ಮೀ. ಒಟ್ಟು 23, ಮೇಲೆ 1 ದಾಟಲಿ ಎಂದು. ತೂತಿನ ಕೆಳಗೆ ಟೇಬಲ್ ಇಲ್ಲ, ಪ್ಯಾರಲಲ್ (ಜಾಬಿನಡಿಯ ಆಧಾರಪಟ್ಟಿ) ಇಲ್ಲ ಎಂದು ನೋಡಿಕೊಳ್ಳಿ. ಫೀಡ್ ಇಲ್ಲಿ ನಿಮಿಷಕ್ಕೆ: ಸುತ್ತಿಗೆ 0.15 ಅನ್ನು 900ರಿಂದ ಗುಣಿಸಿದರೆ 135. ಎರಕಕ್ಕೆ ಬಹಳ ಕಡೆ ಕೂಲಂಟ್ ಇಲ್ಲದೆ ಒಣದರಲ್ಲೇ ಹೊಡೆಯುತ್ತಾರೆ, ಹಾಗಾಗಿ ಎಂ08 ಹಾಕಿಲ್ಲ.

ಜಿ54 ಅಂದರೆ ಜಾಬಿನ ಸೊನ್ನೆ ಟೇಬಲ್ ಮೇಲೆ ಎಲ್ಲಿದೆ. ಜಿ43 ಎಚ್01 ಅಂದರೆ ಒಂದನೇ ಟೂಲಿನ ಉದ್ದ. ಟಿ01ಕ್ಕೆ ಎಚ್02 ಬರೆದರೆ ಬೇರೆ ಟೂಲಿನ ಉದ್ದ ಹಿಡಿದು ಕೆಳಗಿಳಿಯುತ್ತದೆ. ವಿಎಂಸಿಯಲ್ಲಿ ಸ್ಪಿಂಡಲ್ ಹೋಗುವ ಕಾರಣಗಳಲ್ಲಿ ಇದೂ ಒಂದು. ಜಿ83 ಮೋಡಲ್, ಅದಕ್ಕೇ ಕೆಳಗಿನ ಮೂರು ಸಾಲಿಗೆ ಬರೀ ಜಾಗ ಬರೆದರೂ ತೂತು ಬೀಳುತ್ತದೆ. ಜಿ80 ಬರೆದು ಅದನ್ನು ಬಂದ್ ಮಾಡದಿದ್ದರೆ ಮುಂದೆ ಎಕ್ಸ್, ವೈ ಎಲ್ಲಿಗೆ ಹೋದರೂ ಅಲ್ಲೊಂದು ತೂತು. ಕ್ಲ್ಯಾಂಪ್ ಎತ್ತರ ಇದ್ದರೆ ಜಿ98 ಇಡಿ, ಪ್ರತಿ ತೂತಿನ ನಂತರ ಟೂಲ್ 50ಕ್ಕೆ ಏರಿ ದಾಟುತ್ತದೆ. ಜಿ99 ಇಟ್ಟರೆ 3 ಮಿ.ಮೀ. ಎತ್ತರದಲ್ಲೇ ಓಡುತ್ತದೆ, ಸಮಯ ಉಳಿಯುತ್ತದೆ, ಕ್ಲ್ಯಾಂಪ್ ಸಿಕ್ಕರೆ ಡ್ರಿಲ್ ಹೋಗುತ್ತದೆ.

ತೂತಿನೊಳಗೆ ಥ್ರೆಡ್ ಹಾಕುವ ಟ್ಯಾಪಿಂಗ್ ಜಿ84ಕ್ಕೆ ಫೀಡ್ ಊಹೆಯಲ್ಲ, ಲೆಕ್ಕ. ಪಿಚ್ ಗುಣಿಸು ಆರ್‌ಪಿಎಂ. ಎಂ10 ಥ್ರೆಡ್ ಪಿಚ್ 1.5, ಎಸ್500 ಆದರೆ ಎಫ್750. ಎಸ್ ಬದಲಿಸಿ ಎಫ್ ಮರೆತರೆ ಟ್ಯಾಪ್ ಒಳಗೇ ಮುರಿಯುತ್ತದೆ.

ನಡುವೆ ನಿಂತರೆ

ಕರೆಂಟ್ ಹೋಯಿತು, ಇಲ್ಲಾ ಇನ್ಸರ್ಟ್ ಮುರಿಯಿತು, ರೀಸೆಟ್ ಒತ್ತಿದಿರಿ. ಈಗ ಕರ್ಸರನ್ನು ನಡುವಿನ ಸಾಲಿಗೆ ಒಯ್ದು ಸುಮ್ನೆ ಸೈಕಲ್ ಸ್ಟಾರ್ಟ್ ಒತ್ತಬಾರದು. ಮೇಲಿನ ಸಾಲುಗಳಲ್ಲಿದ್ದ ಸ್ಪಿಂಡಲ್, ಟೂಲ್ ಆಫ್‌ಸೆಟ್, ಜಿ43, ಜಿ54 ಯಾವುದು ಉಳಿದಿದೆ, ಯಾವುದು ಹೋಗಿದೆ ಹೇಳಲಾಗದು. ಯಾವಾಗಲೂ ಟೂಲ್ ಕರೆಯುವ ಸಾಲಿನಿಂದ ಶುರು ಮಾಡಿ. ನಮ್ಮ ಮೊದಲ ಪ್ರೋಗ್ರಾಂನಲ್ಲಿ ಟಿ0303ರಿಂದ ಶುರು ಮಾಡಿದರೆ ವೇಗ, ದಿಕ್ಕು, ಶುರುವಿನ ಜಾಗ ಎಲ್ಲಾ ಮತ್ತೆ ಬರುತ್ತದೆ. ಮಿಲಿಮೀಟರ್, ಜಿ40, ಫೀಡ್ ಮೋಡ್ ಮಾತ್ರ ಮೇಲಿನ ಸಾಲುಗಳಲ್ಲಿವೆ, ಅವನ್ನು ಎಂಡಿಐನಲ್ಲಿ ಒಮ್ಮೆ ಕೊಟ್ಟುಬಿಡಿ. ಇದೇ ಕಾರಣಕ್ಕೆ ನನ್ನ ಸಲಹೆ, ಪ್ರತಿ ಟೂಲಿನ ಮೊದಲಿಗೂ ಸೇಫ್ಟಿ ಸಾಲನ್ನು ಮತ್ತೊಮ್ಮೆ ಬರೆಯಿರಿ. ನಾಲ್ಕು ಸಾಲು ಜಾಸ್ತಿ ಆದರೂ ಚಿಂತೆಯಿಲ್ಲ.

ಇನ್ಸರ್ಟ್ ಬದಲಿಸಿದ ಮೇಲೆ ಅದೇ ಸೈಜು ಬರುತ್ತದೆ ಎಂದು ನಂಬಬೇಡಿ. ಫಿನಿಶಿಂಗ್ ಟೂಲಿನ ವೇರ್ ಎಕ್ಸ್ ಅನ್ನು 0.2 ಜಾಸ್ತಿ ಮಾಡಿ ಒಂದು ಕಟ್ ತೆಗೆದು, ಅಳೆದು, ಉಳಿದಷ್ಟು ಕಡಿಮೆ ಮಾಡಿ.

ಮಷೀನಿನ ಸ್ಕ್ರೀನಿನಲ್ಲಿ ಬ್ಯಾಟರಿ ಎಚ್ಚರಿಕೆ ಮಿನುಗುತ್ತಿದ್ದರೆ ನಾಳೆಗೆ ಬಿಡಬೇಡಿ. ಪ್ರೋಗ್ರಾಂ, ಆಫ್‌ಸೆಟ್, ಪ್ಯಾರಾಮೀಟರ್ ಎಲ್ಲಾ ಆ ಬ್ಯಾಟರಿಯ ಮೇಲೆ ನಿಂತಿವೆ. ಬದಲಿಸುವಾಗ ಕಂಟ್ರೋಲಿನ ಪವರ್ ಚಾಲೂ ಇರಬೇಕು, ಎಮರ್ಜೆನ್ಸಿ ಸ್ಟಾಪ್ ಒತ್ತಿರಬೇಕು, ಕೆಲಸ ಮೇಂಟೆನೆನ್ಸ್ ಗೊತ್ತಿರುವವರೇ ಮಾಡಬೇಕು. ಪವರ್ ಬಂದ್ ಮಾಡಿ ಬ್ಯಾಟರಿ ತೆಗೆದರೆ ನೆನಪು ಖಾಲಿಯಾಗಬಹುದು. ಅದಕ್ಕೂ ಮೊದಲು ಪ್ರೋಗ್ರಾಂ ಮತ್ತು ಪ್ಯಾರಾಮೀಟರ್‌ಗಳನ್ನು ಕಾರ್ಡಿಗೆ ಅಥವಾ ಪೆನ್‌ಡ್ರೈವಿಗೆ ಇಳಿಸಿ, ಮಷೀನ್ ನಂಬರ್ ಮತ್ತು ತಾರೀಖು ಹಾಕಿ ಆಫೀಸಿನ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇಡಿ.